ಫೇರೋ ಕಾಲದ ಸ್ಟ್ರೈಕು

ಈಜಿಪ್ಟ್ ಅಂದ ಕೂಡಲೇ ನೆನಪಾಗೋದು ಪಿರಮಿಡ್ಡು, ಮಮ್ಮಿ, ಜೊತೆಗೆ ಸಿನಿಮಾದವರು ನಮ್ಮ ತಲೆಗೆ ತುಂಬಿದ ಚಾಟಿಯೇಟಿನ ಗುಲಾಮರು. ನನಗಂತೂ ಆ ರಾಜರಿಗಿಂತ ಡೇರ್ ಎಲ್-ಮದೀನಾ ಅನ್ನೋ ಹಳ್ಳಿಯವರೇ ಇಷ್ಟ. ರಾಜರ ಕಣಿವೆಯಲ್ಲಿ ಬಂಡೆ ಕೊರೆದು ಫೇರೋಗಳಿಗೆ ಗೋರಿ ಮಾಡ್ತಿದ್ದ ಕಲ್ಲುಕುಟಿಗರು, ಚಿತ್ರಗಾರರ ಊರು ಅದು. ಇವರು ಗುಲಾಮರಲ್ಲ, ಸಂಬಳದವರು. ಸಂಬಳ ಅಂದ್ರೆ ಗೋಧಿ, ಬಾರ್ಲಿ (ನಾಣ್ಯ ಆಗಿನ್ನೂ ಹುಟ್ಟಿರಲಿಲ್ಲ ಬಿಡಿ).

ಮೂರನೇ ರಾಮ್ಸೆಸ್ ಆಳ್ವಿಕೆಯ 29ನೇ ವರ್ಷ, ಸುಮಾರು ಕ್ರಿ.ಪೂ. 1157. ಹದಿನೆಂಟು ದಿನ ಕಳೆದರೂ ಕಾಳು ಬರಲಿಲ್ಲ. ಇವರು ಕೆಲಸ ಬಿಟ್ಟು, ಕಾವಲಿನ ಗೋಡೆಗಳನ್ನ ದಾಟಿ, ದೇವಸ್ಥಾನವೊಂದರ ಹಿಂದೆ ಹೋಗಿ ಕೂತುಬಿಟ್ರು! ಅಧಿಕಾರಿಗಳು ಬಂದು ಸಮಾಧಾನ ಹೇಳಿದ್ರೂ ಜಗ್ಗಲಿಲ್ಲ. ಕೊನೆಗೆ ಬಾಕಿ ಕಾಳು ಬಂತು. ಆಮೇಲೆ ಮತ್ತೆ ತಡ, ಮತ್ತೆ ಸ್ಟ್ರೈಕು. ದಾಖಲೆ ಇರೋ ಮುಷ್ಕರಗಳಲ್ಲಿ ಇದೇ ಮೊದಲನೆಯದು ಅಂತಾರೆ. ಇದನ್ನೆಲ್ಲ ಬರೆದಿಟ್ಟ ಪಪೈರಸ್ ಇಟಲಿಯ ಟ್ಯೂರಿನ್ ಮ್ಯೂಸಿಯಂನಲ್ಲಿದೆ.

ದೇವರೇ ಅನ್ನಿಸಿಕೊಂಡಿದ್ದ ರಾಜನ ರಾಜ್ಯದಲ್ಲಿ 'ಹಸಿವಾಗ್ತಿದೆ, ಕೆಲಸ ಮಾಡಲ್ಲ' ಅನ್ನೋಕೆ ಎಂಥ ಗುಂಡಿಗೆ ಬೇಕು ನೋಡಿ. ಶಾಲೇಲಿ ನಾನು ಉರು ಹೊಡೆದಿದ್ದು ಬರೀ ರಾಜರ ಹೆಸರು, ಇಸವಿ. ನಮ್ಮ ಮೇಷ್ಟ್ರು ಈ ಕಥೆ ಹೇಳಿದ್ದಿದ್ರೆ ಇತಿಹಾಸದ ಪೀರಿಯಡ್ಡಲ್ಲಿ ಖಂಡಿತ ನಿದ್ದೆ ಹೊಡೀತಿರಲಿಲ್ಲ...