ಗೋಡೆಯ ಲಕ್ಷ್ಮಿ, ಹೊಸ್ತಿಲಿನ ಹಟ್ಟೆವ್ವ

ರೋಣ, ನರಗುಂದ, ಗಜೇಂದ್ರಗಡಗಳ ಪೇಟೆಯಲ್ಲಿ ಕಿರಾಣಿ ಅಂಗಡಿಯಾಗಲಿ ಅಡತಿ ಅಂಗಡಿಯಾಗಲಿ, ಗಲ್ಲೆಯ ಮೇಲುಗಡೆ ಗೋಡೆಗೆ ತೂಗುಹಾಕಿದ ಲಕ್ಷ್ಮಿಯ ಪಟವೊಂದು ಇಲ್ಲದಿರುವುದು ಅಪರೂಪ. ಕೊಳದ ನಡುವಣ ಕಮಲದ ಮೇಲೆ ನಿಂತು, ಬೆಳ್ಳಗಿನ ದುಂಡುಮುಖದಲ್ಲಿ ನಸುನಗೆಯನ್ನು ತಾಳಿ, ನಿರಿಗೆ ಕದಡದಂತೆ ಜರಿಯಂಚಿನ ಸೀರೆಯುಟ್ಟಿರುವ ಆ ದೇವಿಯನ್ನು ನಾವು ಅನಾದಿಕಾಲದಿಂದ ಇದೇ ರೂಪದಲ್ಲಿ ಪೂಜಿಸುತ್ತ ಬಂದಿರುವೆವೆಂಬ ಭಾವನೆ ನಮ್ಮಲ್ಲಿ ಎಷ್ಟು ದೃಢವಾಗಿದೆಯೆಂದರೆ, ಆ ಮುಖಕ್ಕೆ ಎಷ್ಟು ವಯಸ್ಸಾಯಿತೆಂದು ಕೇಳುವುದೇ ಅಪಚಾರವೆನ್ನಿಸುತ್ತದೆ. ಆದರೂ ಕೇಳಬೇಕಾಗಿದೆ. ರಾಜಾ ರವಿವರ್ಮನು ಮುಂಬಯಿಯಲ್ಲಿ ತನ್ನ ಶಿಲಾಮುದ್ರಣಾಲಯವನ್ನು ತೆರೆದದ್ದು 1894ರಲ್ಲಿ. ಕೆಲವು ವರ್ಷಗಳಲ್ಲಿಯೇ ಅದು ಲೋಣಾವಳದ ಸಮೀಪದ ಮಳವಲಿಗೆ ಸ್ಥಳಾಂತರಗೊಂಡು, ಫ್ರಿಟ್ಸ್ ಶ್ಲೈಖರ್ ಎಂಬ ಜರ್ಮನ್ ಮುದ್ರಣತಜ್ಞನ ಕೈಸೇರಿತು. ಆ ಯಂತ್ರಗಳಿಂದ ಹೊರಬಿದ್ದ ಬಣ್ಣದ ಪಟಗಳು ಮನೆಮನೆಯ ದೇವರ ಕೋಣೆಯನ್ನು ಹೊಕ್ಕವು. ಮುಂದೆ ಕಲಬುರಗಿಯ ಎಸ್. ಎಂ. ಪಂಡಿತರಂತಹ ನಿಪುಣರ ಕುಂಚದಿಂದ ಆ ಸಂಪ್ರದಾಯಕ್ಕೆ ಕ್ಯಾಲೆಂಡರುಗಳಲ್ಲಿ ಇನ್ನಷ್ಟು ಕಾಂತಿ ಬಂದಿತು. ನಮ್ಮ ಗೋಡೆಯ ಲಕ್ಷ್ಮಿ ಹುಟ್ಟಿ ಸುಮಾರು 130 ವರ್ಷಗಳಾಗಿವೆ, ಅಷ್ಟೇ.

ಈ ಲೆಕ್ಕವನ್ನು ಮುಂದಿಡಲು ಕಾರಣವುಂಟು. ಕಳೆದ ಮೂರು ದಶಕಗಳಲ್ಲಿ ಕನ್ನಡನಾಡಿನ ಕೆಲವು ಕಲಾವಿದೆಯರು, ಸ್ತ್ರೀಯ ಆದರ್ಶವೆಂದು ನಮ್ಮ ಗೋಡೆಗಳು ಸಾರುತ್ತಿರುವ ಈ ರೂಪವನ್ನು ಎದುರಿಗೆ ನಿಲ್ಲಿಸಿಕೊಂಡು ವಿಚಾರಣೆ ಮಾಡಿರುವರು. ಅಂತಹ ಕೃತಿಯ ಸುದ್ದಿ ಪತ್ರಿಕೆಯಲ್ಲಿ ಅಚ್ಚಾದಾಗ, ಪಟ್ಟಣದ ಓದಿದ ಹೆಣ್ಣುಮಕ್ಕಳು ಪರದೇಶದವರ ಮಾತು ಕೇಳಿ ನಮ್ಮ ಪ್ರಾಚೀನ ಸಂಪ್ರದಾಯವನ್ನು ಕೆಡಿಸುತ್ತಿದ್ದಾರೆಂದು ಗೊಣಗುವವರು ನಮ್ಮ ಕಡೆಯಲ್ಲಿಯೂ ಇದ್ದಾರೆ. ನನಗೆ ತೋರುವಂತೆ ಸಂಗತಿ ತಿರುವುಮುರುವಾಗಿದೆ: ಪ್ರಾಚೀನವೆಂದು ನಾವು ಕಾಯುತ್ತಿರುವುದು ಅಚ್ಚಿನ ಯಂತ್ರ ಬಂದ ಮೇಲಿನದು, ಈ ಕಲಾವಿದೆಯರು ಕೈಯಿಕ್ಕಿರುವುದು ಅದಕ್ಕಿಂತ ಬಹು ಹಿಂದಿನ, ಬಹು ವಿಸ್ತಾರವಾದ ಭಂಡಾರಕ್ಕೆ.

ಗಜೇಂದ್ರಗಡದ ಹತ್ತಿರದ ಸೂಡಿಯನ್ನೇ ನೋಡಿ. ಜೋಡುಕಳಸದ ಗುಡಿಯನ್ನೂ ನಾಗಕುಂಡವನ್ನೂ ನೋಡಲು ಹೋಗುವವರಿಗೆ, ಈ ಊರು ಒಬ್ಬ ಹೆಣ್ಣುಮಗಳ ಆಳ್ವಿಕೆಯ ನೆಲೆಯಾಗಿತ್ತೆಂಬುದು ನೆನಪಿರುವುದು ವಿರಳ. ಚಾಲುಕ್ಯ ಚಕ್ರವರ್ತಿ ಎರಡನೆಯ ಜಯಸಿಂಹನ ಸೋದರಿ ಅಕ್ಕಾದೇವಿಯು ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳಿದಳು. ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದಳು. ಸೂಡಿಯ ಸೆಟ್ಟಿಗಳಿಗೂ ಒಕ್ಕಲುಗಳಿಗೂ ಸಲ್ಲಬೇಕಾದ ಕಟ್ಟುಪಾಡುಗಳನ್ನು ನವೀಕರಿಸಿಕೊಟ್ಟಳು. ಶಾಸನಕವಿ ಅವಳನ್ನು ಒಂದೇ ಉಸುರಿನಲ್ಲಿ ಗುಣದಬೆಡಂಗಿಯೆಂದೂ, ಕೊಟ್ಟ ಮಾತಿಗೆ ತಪ್ಪದ ಏಕವಾಕ್ಯೆಯೆಂದೂ, ರಣದಲ್ಲಿ ಭೈರವಿಯೆಂದೂ ಹೊಗಳುತ್ತಾನೆ. ಸೌಂದರ್ಯ, ಸತ್ಯ, ಭಯಂಕರತೆಗಳು ಒಬ್ಬಳಲ್ಲಿಯೇ ಸೇರಿದ್ದರಿಂದ ಅವನಿಗೆ ಯಾವ ಇಕ್ಕಟ್ಟೂ ಆದಂತಿಲ್ಲ. ನರೇಗಲ್ಲಿನಲ್ಲಿ ಗಂಗ ಬೂತುಗನ ರಾಣಿ ಪದ್ಮಬ್ಬರಸಿ ಬಸದಿಯನ್ನು ಕಟ್ಟಿಸಿದ್ದು ಅದಕ್ಕೂ ಹಿಂದಿನ ಶತಮಾನದಲ್ಲಿ. ಗುಡ್ಡ ದಾಟಿ ಬಾದಾಮಿಗೆ ಹೋದರೆ, ನಾಗನಾಥಕೊಳ್ಳದಿಂದ ತಂದಿರಿಸಿದ ಲಜ್ಜಾಗೌರಿಯ ವಿಗ್ರಹವನ್ನು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು: ತಲೆಯ ಸ್ಥಾನದಲ್ಲಿ ಅರಳಿದ ಕಮಲ, ಪ್ರಸವದ ಭಂಗಿಯಲ್ಲಿ ಅಗಲಿಸಿ ಮಡಿಚಿದ ಕಾಲುಗಳು, ಮೈಮೇಲೆ ಆಭರಣಗಳ ಹೊರತು ಬೇರೇನೂ ಇಲ್ಲ. ಇಂದಿನ ಕಲಾವಿದೆಯೊಬ್ಬಳು ಇದನ್ನೇ ಕೆತ್ತಿ ಪ್ರದರ್ಶನಕ್ಕಿಟ್ಟಿದ್ದರೆ ನಮ್ಮ ಊರಿನ ಹಿರಿಯರು ಠಾಣೆಗೆ ಅರ್ಜಿ ಬರೆಯುತ್ತಿದ್ದರೇ ಹೊರತು ಸಂತಾನಭಾಗ್ಯ ಬೇಡಿ ಕಾಯಿ ಒಡೆಯುತ್ತಿರಲಿಲ್ಲ.

ಇಷ್ಟು ವೈವಿಧ್ಯವಿದ್ದ ಸೀಮೆಯಲ್ಲಿ ಹೆಣ್ಣಿನ ಆದರ್ಶವು ಹೇಗೆ ಇಷ್ಟು ಕಿರಿದಾಯಿತೆಂಬುದಕ್ಕೆ ಅಚ್ಚಿನ ಪಟವೊಂದನ್ನೇ ಹೊಣೆಮಾಡುವುದು ನ್ಯಾಯವಾಗಲಾರದು. ಹಾಡಿನ ಸಂಪ್ರದಾಯದಲ್ಲಿಯೂ ತ್ಯಾಗದ ಹೆಣ್ಣಿಗೆ ಸಿಂಹಾಸನವಿತ್ತು. ಕೆರೆಗೆ ಹಾರವಾದ ಭಾಗೀರಥಿಯ ಕಥೆ ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ಅಜ್ಜಿಯಂದಿರಿಗೆಲ್ಲ ಬಾಯಿಪಾಠವಾಗಿತ್ತು: ಮಲ್ಲನಗೌಡ ತೋಡಿಸಿದ ಕೆರೆಗೆ ನೀರು ಬಾರದೆ, ಹಿರಿಯ ಸೊಸೆಯರನ್ನು ಬಿಟ್ಟು ಕಿರಿಯವಳನ್ನೇ ಆರಿಸಿ, ಅವಳಿಂದಲೇ ಪೂಜೆಯ ಸಿದ್ಧತೆ ಮಾಡಿಸಿ, ಅವಳನ್ನೇ ನೀರಿಗೆ ಒಪ್ಪಿಸಿದ ಕಥೆ. ನರಗುಂದದವರಿಗೆ ಇದು ಬರಿಯ ಕಥೆಯೂ ಅಲ್ಲ. 1858ರ ಜೂನಿನಲ್ಲಿ ಕೋಟೆ ಬ್ರಿಟಿಷರ ವಶವಾದಾಗ ಅಲ್ಲಿಯ ಅರಸ ಬಾಬಾಸಾಹೇಬನ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಬಿದ್ದು ಪ್ರಾಣಬಿಟ್ಟರೆಂದು ಅಲ್ಲಿ ಹೇಳುತ್ತ ಬಂದಿದ್ದಾರೆ. ಬಾಬಾಸಾಹೇಬನ ಬಂಡಾಯಕ್ಕೆ ಇತಿಹಾಸದಲ್ಲಿ ಪುಟಗಳುಂಟು. ನದಿಗಿಳಿದ ಇಬ್ಬರಿಗೆ ಒಂದು ವಾಕ್ಯ.

ಬೆಂಗಳೂರಿನ ಕಲಾವಿದೆ ಸುರೇಖಾ ಅವರು ಈ ಭಾಗೀರಥಿಯನ್ನೇ ಎತ್ತಿಕೊಂಡು ವಿಡಿಯೋ ಮಾಧ್ಯಮದಲ್ಲಿ ಮರುನಿರ್ಮಿಸಿದರು. ಹಾಡನ್ನು ಕೇಳುವಾಗ ನಮ್ಮ ಕಣ್ಣಲ್ಲಿ ನೀರು ಬರುತ್ತದೆ, ಆ ನೀರಿನಲ್ಲಿಯೇ ನಮ್ಮ ಹೊಣೆ ತೊಳೆದುಹೋಗುತ್ತದೆ. ಕೆರೆಯೂ ತುಂಬಿತು, ನಮ್ಮ ಮನಸ್ಸೂ ಹಗುರಾಯಿತು ಎಂದು ಎದ್ದುಹೋಗುತ್ತೇವೆ. ಕಣ್ಣೆದುರಿನ ಪರದೆಯ ಮೇಲೆ ಒಬ್ಬ ಹೆಣ್ಣು ಮತ್ತು ನೀರು ಮಾತ್ರ ಉಳಿದಾಗ ಆ ಸುಖವಾದ ಕರುಣೆಗೆ ಅವಕಾಶ ಕಡಮೆ. ಅವಳನ್ನು ಕಳುಹಿಸಿದವರು ಯಾರೆಂಬ ಪ್ರಶ್ನೆ ನೋಡುವವನ ಮೇಲೆಯೇ ಬಂದು ಕೂಡುತ್ತದೆ.

ಬೆಂಗಳೂರಿನಲ್ಲಿಯೇ 1956ರಲ್ಲಿ ಜನಿಸಿದ ಪುಷ್ಪಮಾಲಾ ಎನ್. ಅವರ ಮಾರ್ಗ ಬೇರೆ. ಬಡೋದೆಯಲ್ಲಿ ಶಿಲ್ಪವನ್ನು ಕಲಿತ ಅವರು ಆಮೇಲೆ ಕಲ್ಲುಮಣ್ಣುಗಳನ್ನು ಬದಿಗಿಟ್ಟು ತಮ್ಮ ದೇಹವನ್ನೇ ಸಾಮಗ್ರಿಯಾಗಿ ಮಾಡಿಕೊಂಡರು. ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ 2000ದಿಂದ 2004ರವರೆಗೆ ರಚಿಸಿದ ದಕ್ಷಿಣ ಭಾರತದ ಸ್ತ್ರೀಯರ ಚಿತ್ರಮಾಲಿಕೆಯಲ್ಲಿ ಅವರು ರವಿವರ್ಮನ ಅದೇ ಲಕ್ಷ್ಮಿಯಾಗಿ ಕಮಲದ ಮೇಲೆ ನಿಂತಿದ್ದಾರೆ. ಬಿಜಾಪುರದ ಆದಿಲಶಾಹಿ ಕಾಲದ ಚಿತ್ರದ ಯೋಗಿನಿಯಾಗಿದ್ದಾರೆ. ಕೆರೆಯಿಂದ ನೀರು ತರುವ ಹೆಣ್ಣಾಗಿದ್ದಾರೆ. ಚಾವಟಿ ಹಿಡಿದ ಸಿನೆಮಾ ನಾಯಿಕೆಯಾಗಿದ್ದಾರೆ. ಪತ್ರಿಕೆಯಲ್ಲಿ ಅಚ್ಚಾದ ಸರಗಳ್ಳಿಯೂ ಆಗಿದ್ದಾರೆ. ಲಕ್ಷ್ಮಿಯ ಚಿತ್ರವನ್ನು ಹತ್ತಿರದಿಂದ ನೋಡಬೇಕು. ಮೊದಲ ನೋಟಕ್ಕೆ ಅಂಗಡಿಯ ಪಟವೇ. ಕಣ್ಣು ನಿಂತಂತೆ ಹಿಂದಿನ ಕೊಳವು ಬಣ್ಣ ಬಳಿದ ಪರದೆಯೆಂದೂ, ಕಮಲವು ಮಾಡಿಟ್ಟ ಕಮಲವೆಂದೂ, ದೇವಿಯ ಮುಖವು ನಿಂತು ನಿಂತು ದಣಿದಿರಬಹುದಾದ ಒಬ್ಬ ಹೆಂಗಸಿನ ಮುಖವೆಂದೂ ತಿಳಿಯುತ್ತ ಹೋಗುತ್ತದೆ. ಕಂಪನಿ ನಾಟಕಗಳ ಪರದೆಯನ್ನು ಕಂಡುಂಡ ನಮ್ಮ ಕಡೆಯವರಿಗೆ ಈ ಹಾಸ್ಯ ಒಡನೆಯೇ ಹಿಡಿಸೀತೆಂಬುದು ನನ್ನ ನಂಬಿಕೆ. ದೇವಿಯನ್ನು ಇಲ್ಲಿ ಯಾರೂ ಅವಮಾನಿಸಿಲ್ಲ. ಇಷ್ಟು ಹೊತ್ತು ಅಲುಗದೆ ನಿಲ್ಲಬೇಕಾದ ಕಷ್ಟವೇನೆಂಬುದನ್ನು ನಿಂತವಳ ಕಡೆಯಿಂದ ತೋರಿಸಲಾಗಿದೆ, ಅಷ್ಟೆ. 2012ರ ‘ಆವೇಗ’ದಲ್ಲಿ ಅವರು ಸೀತೆಯ ಜೊತೆಗೆ ಕೈಕೇಯಿ, ಶೂರ್ಪನಖಿಯರನ್ನೂ ಕರೆತಂದು, ಒಳ್ಳೆಯವಳು ಕೆಟ್ಟವಳು ಎಂಬ ಪಂಕ್ತಿಭೇದವನ್ನೇ ಕದಡಿರುವರು.

ಶೀಲಾ ಗೌಡರ ವಿಷಯವನ್ನು ನಾನು ಹೆಚ್ಚು ಪ್ರೀತಿಯಿಂದ ಬರೆಯುತ್ತೇನೆ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತವರು. ಆ ಶಾಲೆಯನ್ನು ಕಟ್ಟಿದ ಆರ್. ಎಂ. ಹಡಪದರು ನಮ್ಮ ನೆರೆಯ ಬಾದಾಮಿಯವರು. ಮುಂದೆ ಶಾಂತಿನಿಕೇತನವನ್ನೂ ಲಂಡನ್ನನ್ನೂ ಕಂಡುಬಂದ ಈ ಕಲಾವಿದೆ 1990ರ ದಶಕದ ಆರಂಭದಲ್ಲಿ ಎಣ್ಣೆಬಣ್ಣವನ್ನು ಬಿಟ್ಟು ಸಗಣಿಗೆ ಕೈಹಾಕಿದರು. ಆಮೇಲಿನ ಒಂದು ಕೃತಿಯಲ್ಲಿ ಸೂಜಿಗಳಿಗೆ ಮಾರುದ್ದ ದಾರವನ್ನು ಪೋಣಿಸಿ, ಆ ಎಳೆಗಳನ್ನೆಲ್ಲ ಒಟ್ಟುಮಾಡಿ, ಕುಂಕುಮವನ್ನೂ ಅಂಟನ್ನೂ ಕೂಡಿಸಿ ತಿಕ್ಕಿ, ನೆಲದ ಮೇಲೆಯೂ ಗೋಡೆಯ ಮೇಲೆಯೂ ಹರಿದಾಡುವ ಕೆಂಪು ಹಗ್ಗವನ್ನಾಗಿ ಮಾಡಿದರು. ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಜೋಲುತ್ತವೆ. ಮುತ್ತೈದೆಯ ಹಣೆಯ ಕುಂಕುಮ, ಹೊಲಿಯುವವಳ ಸೂಜಿ, ಎರಡೂ ಅಲ್ಲಿವೆ. ಚಿತ್ರಿಸಿದ ಹೆಣ್ಣು ಮಾತ್ರ ಎಲ್ಲಿಯೂ ಇಲ್ಲ. ಹೆಣ್ಣಿನ ದೇಹವನ್ನು ತೋರಿಸದೆಯೇ ಅವಳ ದುಡಿಮೆಯನ್ನೂ ನೋವನ್ನೂ ಇಷ್ಟು ಕಣ್ಣಿಗೆ ಕಟ್ಟುವಂತೆ ಮಾಡಿದ ಕೃತಿಗಳು ನಮ್ಮಲ್ಲಿ ಹೆಚ್ಚಿಲ್ಲ.

ಸಗಣಿಯಲ್ಲಿ ಕಲೆಯೇ ಎಂದು ಮೂಗು ಮುರಿಯುವವರು ದೀಪಾವಳಿಯ ಪಾಡ್ಯದ ಬೆಳಗನ್ನು ನೆನಪಿಗೆ ತಂದುಕೊಳ್ಳಬೇಕು. ನಮ್ಮ ಕಡೆಯ ಹೆಣ್ಣುಮಕ್ಕಳು ಅಂದು ಹಸಿ ಹೆಂಡಿಯಿಂದ ಹಟ್ಟೆವ್ವನನ್ನು ಮಾಡಿ, ಉತ್ತರಾಣಿ ಕಡ್ಡಿಯನ್ನು ಸಿಕ್ಕಿಸಿ, ಚೆಂಡುಹೂವಿನಿಂದ ಅಲಂಕರಿಸಿ ಹೊಸ್ತಿಲಿನ ಬಳಿ ಕೂಡಿಸುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವನಿಗೆ ಗುಲಗಂಜಿಯನ್ನೂ ಕಾಳುಗಳನ್ನೂ ಒತ್ತಿ ಶೃಂಗರಿಸುವ ಹುಡುಗಿಯರಿಗೆ ಮೂಗು ಇಷ್ಟೇ ಉದ್ದವಿರಬೇಕು, ಮುಖ ಇಷ್ಟೇ ಬೆಳ್ಳಗಿರಬೇಕು ಎಂದು ಯಾವ ಅಚ್ಚುಕೂಟವೂ ಹೇಳಿಕೊಟ್ಟಿಲ್ಲ. ಹಟ್ಟೆವ್ವನಿಗೆ ನಸುನಗೆಯಿಲ್ಲ, ಜರಿಸೀರೆಯಿಲ್ಲ, ಅನೇಕ ಮನೆಗಳಲ್ಲಿ ಮುಖವೇ ಇಲ್ಲ. ಆದರೂ ಅವಳು ದೇವಿಯಾಗಿ ಪೂಜೆಗೊಳ್ಳುತ್ತಾಳೆ. ಗೋಡೆಯ ಮೇಲಿನ ಲಕ್ಷ್ಮಿಯನ್ನು ಗಂಡಸರು ಬರೆದರು, ಗಂಡಸರು ಅಚ್ಚುಹಾಕಿದರು, ಗಂಡಸರು ಮಾರಿದರು. ಹೊಸ್ತಿಲಿನವಳನ್ನು ಹೆಂಗಸರು ವರ್ಷವರ್ಷವೂ ತಮ್ಮ ಬೆರಳಿನಿಂದ ಹೊಸದಾಗಿ ಕಲ್ಪಿಸುತ್ತ ಬಂದರು. ಶೀಲಾ ಗೌಡರ ಕೃತಿಗೆ ಬಂಧುಗಳನ್ನು ಹುಡುಕಲು ಲಂಡನ್ನಿಗೆ ಹೋಗಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ.

ಕಸೂತಿಯ ವಿಷಯದಲ್ಲಿ ನಮ್ಮ ಅನ್ಯಾಯ ಇನ್ನೂ ದೊಡ್ಡದು. ಇಳಕಲ್ಲ ಸೀರೆಯ ಸೆರಗಿನ ಮೇಲೆ ಗೆರೆ ಎಳೆಯದೆ, ಬಟ್ಟೆಯ ಎಳೆಗಳನ್ನು ಎಣಿಸಿಕೊಂಡೇ ಗವಂತಿ, ಮುರಗಿ, ನೇಗಿ, ಮೆಂತಿಗಳಲ್ಲಿ ಗೋಪುರವನ್ನೂ ತೇರನ್ನೂ ಅಂಬಾರಿಯನ್ನೂ ಎಬ್ಬಿಸುವುದೆಂದರೆ ಅದು ಗಣಿತವೂ ಹೌದು, ಚಿತ್ರವೂ ಹೌದು. ಗವಂತಿಯಲ್ಲಿ ಹೋದ ದಾರ ತಿರುಗಿ ಬಂದು ಬಿಟ್ಟ ಸ್ಥಳವನ್ನು ತುಂಬುವುದರಿಂದ ಒಳಮೈ ಯಾವುದು ಹೊರಮೈ ಯಾವುದು ಎಂದು ಗುರುತಿಸಲಾಗದು. ಇದನ್ನು ನಾವು ಕರಕುಶಲವೆಂದು ಕರೆದು, ಮಾರಾಟ ಮಳಿಗೆಗೆ ಕಳುಹಿಸಿ, ಕಲೆಯೆಂಬ ಮಾತನ್ನು ಚೌಕಟ್ಟಿನೊಳಗಿನ ಎಣ್ಣೆಬಣ್ಣಕ್ಕೆ ಮೀಸಲಿಟ್ಟೆವು. ಆ ಸೂಜಿ ಹಿಡಿದವರ ಹೆಸರು ಒಂದೂ ಉಳಿಯಲಿಲ್ಲ.

ಇದೆಲ್ಲವನ್ನು ಹೇಳಿದ ಮೇಲೆ, ಹೊಸ ಕಲೆಯೆಂದು ಬಂದದ್ದನ್ನೆಲ್ಲ ಕೈಮುಗಿದು ಸ್ವೀಕರಿಸಬೇಕೆಂಬ ಅಭಿಪ್ರಾಯ ನನ್ನದಲ್ಲ. ಪಕ್ಕದಲ್ಲಿ ಅಂಟಿಸಿದ ವಿವರಣೆಯ ಕಾಗದವನ್ನು ಕಿತ್ತರೆ ನಿಲ್ಲಲಾರದ ಕೃತಿಗಳೂ ಉಂಟು. ಹೆಣ್ಣಿನ ನೋವೆಂಬ ಮಾತನ್ನು ಮುಂದೊಡ್ಡಿ ಕುಶಲತೆಯ ಕೊರತೆಯನ್ನು ಮರೆಸಿಕೊಳ್ಳುವವರೂ ಉಂಟು. ಆದರೆ ಅದನ್ನು ನಿರ್ಣಯಿಸುವ ಹಕ್ಕು ನಮಗೆ ಬರಬೇಕಾದರೆ ಕೃತಿಗಳು ನಮ್ಮ ಕಣ್ಣಿಗೆ ಬೀಳಬೇಕಷ್ಟೆ? ಈ ಕಲಾವಿದೆಯರ ಪ್ರದರ್ಶನಗಳು ಬೆಂಗಳೂರು, ದಿಲ್ಲಿ, ಯುರೋಪಿನ ನಗರಗಳಲ್ಲಿ ನಡೆಯುತ್ತವೆ. ಭಾಗೀರಥಿಯ ಹಾಡು ಬಾಯಿಗೆ ಬರುವವರು, ಹಟ್ಟೆವ್ವನನ್ನು ಕೈಯಾರೆ ಮಾಡುವವರು ಇರುವ ಊರುಗಳಿಗೆ ಅವು ಬರುವುದಿಲ್ಲ. ಲಲಿತಕಲಾ ಅಕಾಡೆಮಿಯು ಪುಷ್ಪಮಾಲಾ ಅವರ ಲಕ್ಷ್ಮಿಯನ್ನು ಗಜೇಂದ್ರಗಡದ ಪೇಟೆಯಲ್ಲಿ ಒಂದು ವಾರ ತೂಗುಹಾಕಿದರೆ, ಮಹಾನಗರದ ವಿಮರ್ಶಕರು ಕಾಣದ ಎಷ್ಟೋ ಸಂಗತಿಗಳನ್ನು ನಮ್ಮ ನೇಕಾರ ಹೆಣ್ಣುಮಕ್ಕಳು ಆ ಸೀರೆಯ ನಿರಿಗೆಯಲ್ಲಿಯೇ ಕಂಡಾರು.

ಇನ್ನು ಪ್ರತಿಮೆಗಳ ಮಾತು. ಹುಬ್ಬಳ್ಳಿಯ ವೃತ್ತದಲ್ಲಿ ಕಿತ್ತೂರ ಚೆನ್ನಮ್ಮ ಕುದುರೆಯೇರಿ ಖಡ್ಗ ಹಿರಿದಿರುವಳು, ಒಳ್ಳೆಯದೇ ಆಯಿತು. ಅಂದಿನಿಂದ ವೀರವನಿತೆಯೆಂದರೆ ಅದೊಂದೇ ಭಂಗಿಯೆಂದು ಎಲ್ಲೆಡೆಯೂ ನಿಶ್ಚಯವಾದಂತಿದೆ, ಮುಖ ಮಾತ್ರ ಅದೇ ಕ್ಯಾಲೆಂಡರಿನದು. ನಾಳೆ ಸೂಡಿಯಲ್ಲಿಯೋ ರೋಣದಲ್ಲಿಯೋ ಅಕ್ಕಾದೇವಿಯ ವಿಗ್ರಹವನ್ನು ನಿಲ್ಲಿಸುವ ಪ್ರಸ್ತಾಪ ಬಂದರೆ, ಸಿದ್ಧವಾದ ಅಚ್ಚಿನಲ್ಲಿ ಎರಕ ಹೊಯ್ಯುವ ಗುತ್ತಿಗೆದಾರನನ್ನು ಕರೆಯುವ ಮೊದಲು ಒಬ್ಬ ಕಲಾವಿದೆಯ ಕೈಗೆ ಆ ಶಾಸನಗಳನ್ನು ಕೊಟ್ಟು ನೋಡಬೇಕೆಂದು ನನ್ನ ವಿನಂತಿ. ನರಗುಂದದಲ್ಲಿಯಂತೂ ವಸ್ತು ಇನ್ನೂ ಹತ್ತಿರದಲ್ಲಿದೆ. 2015ರಲ್ಲಿ ಮಹದಾಯಿಯ ನೀರಿಗಾಗಿ ಅಲ್ಲಿ ಧರಣಿ ಆರಂಭವಾದಾಗ, ಹೊಲಮನೆಗಳ ಕೆಲಸ ಬಿಟ್ಟು ಹೆಣ್ಣುಮಕ್ಕಳು ಬಂದು ಪೆಂಡಾಲಿನಲ್ಲಿ ಕುಳಿತರು, ಘೋಷಣೆ ಕೂಗಿದರು, ಮೆರವಣಿಗೆಯಲ್ಲಿ ನಡೆದರು. ನೀರಿಗಾಗಿ ಕೆರೆಗೆ ಹಾರವಾದವಳ ಹಾಡು ನಮ್ಮಲ್ಲಿದೆ. ನೀರು ಕೊಡಿರೆಂದು ಸರಕಾರವನ್ನು ಕೇಳುತ್ತ ಕುಳಿತವಳನ್ನು ಬರೆಯುವ ಕೆಲಸವನ್ನು ಈ ಮೂರು ತಾಲೂಕುಗಳ ಶಾಲೆಗಳಲ್ಲಿ ಬಣ್ಣದ ಪೆಟ್ಟಿಗೆ ಹಿಡಿದಿರುವ ಹುಡುಗಿಯರು ಯಾರಾದರೂ ಕೈಗೆತ್ತಿಕೊಳ್ಳಬಹುದು.