ಗ್ರಾಮಸಭೆ ಯಾರದು?

ನಮ್ಮ ದೇಶದಲ್ಲಿ ಸಭೆಗಳಿಗೇನೂ ಕೊರತೆಯಿಲ್ಲ. ದಿಲ್ಲಿಯಲ್ಲಿ ಲೋಕಸಭೆಯುಂಟು, ಬೆಂಗಳೂರಿನಲ್ಲಿ ವಿಧಾನಸಭೆಯುಂಟು, ಹಳ್ಳಿಯಲ್ಲಿ ಪಂಚಾಯತಿಯುಂಟು. ಇವೆಲ್ಲವೂ ಪ್ರತಿನಿಧಿಗಳ ಸಭೆಗಳು. ಮತದಾರನು ಐದು ವರುಷಕ್ಕೊಮ್ಮೆ ಮತವನ್ನಿತ್ತು ಹಿಂದೆ ಸರಿಯತಕ್ಕವನು. ಆದರೆ ಹಳ್ಳಿಯ ಮತದಾರನು ತಾನೇ ಸಭಾಸದನಾಗಿ ಕುಳಿತು, ತನ್ನ ಬಾಯಿಂದಲೇ ಪ್ರಶ್ನೆ ಕೇಳಿ, ತನ್ನ ಕೈಯನ್ನೆತ್ತಿ ಠರಾವು ಮಾಡಬಹುದಾದ ಸಭೆಯೊಂದುಂಟು. ಅದೇ ಗ್ರಾಮಸಭೆ.

1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಈ ಸಭೆಗೆ ಸಂವಿಧಾನದಲ್ಲಿಯೇ ಸ್ಥಾನವನ್ನು ಕೊಟ್ಟಿತು. ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬರೂ ಇದರ ಸದಸ್ಯರು; ಅವರನ್ನು ಯಾರೂ ಆರಿಸಬೇಕಾಗಿಲ್ಲ, ಯಾರೂ ನೇಮಿಸಬೇಕಾಗಿಲ್ಲ. ಕನ್ನಡ ನಾಡು ಹರಿದು ಹಂಚಿಹೋಗಿದ್ದಾಗ ಮುಂಬಯಿ ಪ್ರಾಂತದ ಹಳ್ಳಿಗೊಂದು ಕಾಯಿದೆ, ಮೈಸೂರಿನ ಹಳ್ಳಿಗೆ ಮತ್ತೊಂದು. 1956ರಲ್ಲಿ ನಾಡು ಒಂದಾದ ಬಳಿಕವೇ, 1959ರ ಕಾಯಿದೆಯಿಂದ, ನಮ್ಮ ಹಳ್ಳಿಗಳೆಲ್ಲ ಒಂದೇ ಪಂಚಾಯತಿ ಕಟ್ಟಳೆಗೆ ಬಂದವು. ಇಂದು ನಡೆಯುತ್ತಿರುವುದು 1993ರ ಕಾಯಿದೆ.

ಅದರ ಕ್ರಮ ಸರಳವಾದುದು. ಮೊದಲು ವಾರ್ಡುಸಭೆ, ಅನಂತರ ಗ್ರಾಮಸಭೆ. ಎರಡೂ ಆರು ತಿಂಗಳಿಗೊಮ್ಮೆಯಾದರೂ ಸೇರತಕ್ಕವು. ಯಾವ ಕೆಲಸ ಮೊದಲಾಗಬೇಕು, ಮನೆ ನಿವೇಶನಗಳು ಯಾರಿಗೆ ಸಲ್ಲಬೇಕು ಎಂಬುದನ್ನು ವಾರ್ಡುಸಭೆ ಸೂಚಿಸುತ್ತದೆ. ಪಂಚಾಯತಿಯ ಅಧ್ಯಕ್ಷರ ಮುಂದಾಳುತನದಲ್ಲಿ ಕೂಡುವ ಗ್ರಾಮಸಭೆ ಅವನ್ನು ಪರಿಶೀಲಿಸಿ ಒಪ್ಪಿಗೆ ಕೊಡುತ್ತದೆ, ಜಮಾಖರ್ಚನ್ನು ನೋಡುತ್ತದೆ. ಬಡವನ ಸೂರು ಅವನಿಗೆ ದೊರೆಯುವುದೋ ಉಳ್ಳವನ ಪಾಲಾಗುವುದೋ ಎಂಬುದು ಅಲ್ಲಿ ಓದಲಾಗುವ ಒಂದು ಪಟ್ಟಿಯಲ್ಲಿದೆ.

ಇಂಥ ಅಧಿಕಾರವು ಬರಿಯ ಕಾಗದದ ಹುಲಿಯೆಂದು ಮೂಗುಮುರಿಯುವವರು ಒಡಿಶಾದ ನಿಯಮಗಿರಿಯನ್ನು ನೆನೆಯಲಿ. ಆ ಬೆಟ್ಟದಲ್ಲಿ ಬಾಕ್ಸೈಟ್ ಅಗೆಯುವ ಯೋಜನೆ ಬಂದಾಗ, ಅಲ್ಲಿಯ ಜನರ ಹಕ್ಕು ಮತ್ತು ನಂಬುಗೆಗಳ ವಿಚಾರವನ್ನು ಗ್ರಾಮಸಭೆಗಳೇ ಪರಿಶೀಲಿಸತಕ್ಕುದೆಂದು 2013ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 12 ಹಳ್ಳಿಗಳು ಸಭೆ ಸೇರಿದವು. 12 ಹಳ್ಳಿಗಳೂ ಗಣಿ ಬೇಡವೆಂದವು. ಡೋಂಗ್ರಿಯಾ ಕೊಂಧರ ಮಾತನ್ನು ಸರಕಾರವು ಮನ್ನಿಸಲೇಬೇಕಾಯಿತು.

ಹಾಗಾದರೆ ನಮ್ಮ ಸಭೆಗಳು ಅನೇಕ ಕಡೆ ಏಕೆ ನಿಸ್ತೇಜವಾಗಿವೆ? ಕೋರಂ ನಿಯಮವನ್ನೇ ನೋಡಿರಿ: ಮತದಾರರಲ್ಲಿ ಹತ್ತನೆಯ ಒಂದು ಪಾಲು ಅಥವಾ ನೂರು ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. 4000 ಮತದಾರರಿದ್ದಲ್ಲಿ ಹತ್ತನೆಯ ಪಾಲು 400. ಆದರೆ 100 ಮಂದಿ ಬಂದರೆ ಸಾಕು. ಆ ನೂರು ಮಂದಿಯೂ ಒಬ್ಬ ಪ್ರಬಲನ ಕಡೆಯವರಾದರೆ ಉಳಿದ 3900 ಮಂದಿಯ ಗತಿಯೇನು? ಹಾಜರಾದವರಲ್ಲಿ ನೂರಕ್ಕೆ 30ರಷ್ಟಾದರೂ ಹೆಂಗಸರಿರಬೇಕೆಂಬ ನಿಯಮವೂ ಉಂಟು. ಸಭೆಗೆ ಬಾರದೆ ಮನೆಯಲ್ಲಿಯೇ ಹಾಕಿದ ರುಜುವಿನಿಂದ ಅದನ್ನು ಪೂರೈಸುವುದು ನಿಯಮಪಾಲನೆಯಲ್ಲ, ನಿಯಮದ ಅಣಕ.

ದೋಷವೆಲ್ಲವೂ ಅಧಿಕಾರಿಗಳದೆಂದು ನಾವು ಹೇಳಲಾರೆವು. ಬಾರದೆ ಉಳಿದವನೂ ತನ್ನ ಹಕ್ಕನ್ನು ಪರರ ಕೈಗೆ ಒಪ್ಪಿಸಿದವನೇ ಸರಿ. ಆದುದರಿಂದ ನಾವು ಬಯಸುವುದಿಷ್ಟು: ಸಭೆಯ ದಿನವನ್ನು ಮುಂಚಿತವಾಗಿ ಊರೂರಿಗೂ ಕೇರಿಕೇರಿಗೂ ಸಾರಲಿ, ಫಲಾನುಭವಿಗಳ ಪಟ್ಟಿಯನ್ನು ಎಲ್ಲರೂ ಕೇಳುವಂತೆ ಓದಲಿ, ನಡವಳಿಯನ್ನು ಸಭೆಯಲ್ಲಿಯೇ ಬರೆದು, ವಿರೋಧದ ಮಾತನ್ನೂ ಸೇರಿಸಿ, ಓದಿಹೇಳಿದ ಮೇಲೆಯೇ ರುಜು ಪಡೆಯಲಿ. ಇದಕ್ಕೆ ಹೊಸ ಕಾಯಿದೆಯೂ ಬೇಡ, ಹೆಚ್ಚಿನ ಹಣವೂ ಬೇಡ.

ಉಪಾಧ್ಯಾಯ ಮಹಾಶಯರು ಗ್ರಾಮಸಭೆಯ ನಿಯಮಗಳನ್ನು ತಮ್ಮ ಊರವರಿಗೆ ತಿಳಿಯಹೇಳಲಿ. ಪಟ್ಟಣದ ವಾಚಕರು ಹಳ್ಳಿಯಲ್ಲಿರುವ ತಮ್ಮ ತಂದೆತಾಯಿಗಳನ್ನು, ಅಕ್ಕತಂಗಿಯರನ್ನು, ಮುಂದಿನ ಸಭೆಗೆ ಹೋಗುವಂತೆ ಪ್ರೇರಿಸಲಿ. ಒಂದು ನಾಡಾದೆವೆಂಬ ಅಭಿಮಾನ ನಮಗೆ ಸಲ್ಲುವುದೇ. ಆದರೆ ಆ ನಾಡಿನ ಕಾರಭಾರವು ಕಟ್ಟಕಡೆಯ ಕೇರಿಯವನಿಗೂ ತನ್ನದೆನಿಸಬೇಕಾದರೆ, ಅವನು ಕುಳಿತುಕೊಳ್ಳುವ ಜಾಗ ಗ್ರಾಮಸಭೆಯಲ್ಲಿದೆ. ಅದು ಬರಿದಾಗಿ ಉಳಿಯಬಾರದು.