ಕೀಲಿಕೈ ಕೊಡುತ್ತೀರೋ, ಇಲ್ಲವೆಂದು ಬರೆದುಕೊಡುತ್ತೀರೋ?

ಮಾನ್ಯ ಆಡಳಿತಾಧಿಕಾರಿಗಳಿಗೆ,

ಬಳ್ಳಾರಿ ರಸ್ತೆಯಿಂದ ಒಳಕ್ಕಿರುವ ಹಳೇ ಬಂಗಲೆಯ ಆವರಣ ತಮ್ಮ ಸುಪರ್ದಿಯಲ್ಲಿದೆ. ಅದರ ಹಿಂಬದಿಯ ಕುದುರೆ ಲಾಯವನ್ನು ನಮ್ಮ ಅಂಗನವಾಡಿಗೆ ಬಾಡಿಗೆಗೆ ಕೊಡುವ ಸಂಗತಿ ಬಡಾವಣೆಯಲ್ಲಿ ಎಲ್ಲರಿಗೂ ಗೊತ್ತು. ಮನವಿ ಕೊಟ್ಟೆವು, ಇಲಾಖೆಯಿಂದ ಪತ್ರ ಬರೆಸಿದೆವು, ಹಿರಿಯರನ್ನು ಕರೆತಂದು ಹೇಳಿಸಿದೆವು. ‘ಕಡತ ಮೇಲಕ್ಕೆ ಹೋಗಿದೆ’ ಎನ್ನುವುದರಾಚೆ ಉತ್ತರ ಬರಲಿಲ್ಲ. ಬಾಲವಿಕಾಸ ಸಮಿತಿಯ ಪರವಾಗಿ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ನಮ್ಮ ಕೇಂದ್ರವನ್ನು ತಾವೇ ಬಂದು ನೋಡಿದ್ದೀರಿ. ಹತ್ತಡಿ ಅಗಲದ ಬಾಡಿಗೆ ಕೋಣೆ. ಮೂಲೆಯಲ್ಲಿ ಗ್ಯಾಸ್ ಒಲೆ, ಪಕ್ಕದಲ್ಲಿ ಆಹಾರದ ಮೂಟೆಗಳು, ಮಿಕ್ಕ ಜಾಗದಲ್ಲಿ ಮಕ್ಕಳು. ತೂಕದ ತಕ್ಕಡಿ ನೇತುಹಾಕಲು ಬೇರೆ ಜಾಗವಿಲ್ಲದೆ ಬಾಗಿಲ ಚೌಕಟ್ಟಿಗೇ ಕಟ್ಟಿದ್ದೇವೆ. ಒಂದು ಮಗುವನ್ನು ತೂಗುವಾಗ ಒಳಗಿದ್ದವರು ಹೊರಗೆ ಬರುವಂತಿಲ್ಲ. ಶೌಚಕ್ಕೆ ಮನೆ ಮಾಲೀಕರ ಬಾಗಿಲು ತಟ್ಟಬೇಕು. ಅಂಗನವಾಡಿಗೆ ಕನಿಷ್ಠ 600 ಚದರಡಿ, ಬೇರೆ ಅಡುಗೆಮನೆ, ಮಕ್ಕಳ ಶೌಚಾಲಯ, ಆಟದ ಜಾಗ ಇರಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಅದನ್ನೆಲ್ಲ ಕೇಳಿ, ಮಕ್ಕಳ ಜೊತೆ ಕೂತು ಉಪ್ಪಿಟ್ಟು ತಿಂದು, ತಾಯಂದಿರ ಮುಂದೆ ತಾವು ಹೇಳಿದ ಮಾತು: ‘ಜೂನ್‌ನಲ್ಲಿ ಲಾಯದ ಕೀಲಿಕೈ ನಿಮ್ಮ ಕೈಯಲ್ಲಿರುತ್ತೆ ಕಣಮ್ಮಾ.’ ಯಾರೂ ಒತ್ತಾಯ ಮಾಡಿ ಆಡಿಸಿದ ಮಾತಲ್ಲ ಅದು.

ಜೂನ್ ಹೋಯಿತು, ದಸರಾ ಹೋಯಿತು. ಕೊನೆಗೆ ನಿಮ್ಮ ಗುಮಾಸ್ತರು ಕೌಂಟರಿನಾಚೆಯಿಂದ ಕಾರಣ ಹೇಳಿದರು: ಅದು ಪಾರಂಪರಿಕ ಕಟ್ಟಡ, ಮಕ್ಕಳು ಗೋಡೆ ಗೀಚುತ್ತಾರೆ!

ಗೀಚುವುದೇ ಅಪರಾಧವಾದರೆ ಸ್ವಾಮಿ, ಕಳೆದ ಮದುವೆ ಸೀಸನ್ನಿನಲ್ಲಿ ಅದೇ ಆವರಣದಲ್ಲಿ ಆಗಿದ್ದಕ್ಕೆ ಏನೆನ್ನಬೇಕು? ಹೂವಿನ ಕಮಾನು ನಿಲ್ಲಿಸಲು ಕಲ್ಲಿನ ಗೋಡೆಯ ಸಂದಿಗೆ ಹೊಡೆದ ಗೇಣುದ್ದದ ಮೊಳೆಗಳು ಇನ್ನೂ ಅಲ್ಲೇ ತುಕ್ಕು ಹಿಡಿಯುತ್ತಿವೆ. ಜನರೇಟರಿನ ಹೊಗೆಗೆ ಲಾಯದ ಒಂದು ಮಗ್ಗುಲೇ ಕಪ್ಪಾಗಿದೆ. ನಾವು ಕೇಳಿದ್ದು ಹನ್ನೊಂದು ತಿಂಗಳ ಕರಾರು. ಗೋಡೆಗೆ ಮೊಳೆ ಹೊಡೆಯುವುದಿಲ್ಲ, ಒಲೆ ಹೊರಗಿನ ಶೀಟಿನ ಕೆಳಗಿರುತ್ತದೆ, ಇಲಾಖೆ ಕೊಡುವ ಬಾಡಿಗೆ ನೇರ ನಿಮ್ಮ ಖಾತೆಗೆ ಬರುತ್ತದೆ ಎಂದು ಬರೆದೇ ಕೊಟ್ಟಿದ್ದೆವು.

ಪರಂಪರೆಯ ಪಾಠ ಈ ಭಾಗದವರಿಗೆ ಬೇಡ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಸಿಕ್ಕ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಎಂಟನೇ ಶತಮಾನದ್ದು. ಅದು ಮತ್ತೆ ಮಣ್ಣುಪಾಲಾಗದಂತೆ ಉಳಿದದ್ದು ಜನರ ಕಾಳಜಿಯಿಂದ. ಹಳೆಯ ಜಾಗದಲ್ಲಿ ಮಕ್ಕಳಿದ್ದರೆ ಹಾಳಾಗುತ್ತದೆ ಎನ್ನುವವರು ಕಬ್ಬನ್ ಪಾರ್ಕಿಗೊಮ್ಮೆ ಹೋಗಿಬನ್ನಿ. 1870ರ ಆ ಉದ್ಯಾನದೊಳಗೇ ಜವಾಹರ ಬಾಲಭವನ ಇದೆ, ಪುಟಾಣಿ ರೈಲು ಓಡಿದೆ. ಅಲ್ಲಿ ಸಲ್ಲುವ ಮಕ್ಕಳು ಬ್ಯಾಟರಾಯನಪುರದಲ್ಲಿ ಏಕೆ ಸಲ್ಲುವುದಿಲ್ಲ? ಕಟ್ಟಡ ಕೆಲಸದವರ ಮಕ್ಕಳು ಅಂತಲೇ?

ಹೌದು, ನಮ್ಮಲ್ಲಿಗೆ ಬರುವ ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯಿಂದ ಜಕ್ಕೂರು, ಕೋಗಿಲು ಸುತ್ತಿನ ಅಪಾರ್ಟ್‌ಮೆಂಟ್ ಕೆಲಸಕ್ಕೆ ಬಂದವರ ಮಕ್ಕಳು. ಅಂಗನವಾಡಿ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ, ತಾಯಿ ಇಟ್ಟಿಗೆ ಇಳಿಸಿ ಬರುವುದು ಆರೂವರೆಗೆ. ನಡುವಿನ ಹೊತ್ತಿಗೂ ಆಸರೆಯಾಗಲೆಂದೇ ಲಾಯದ ಎರಡನೇ ಕೋಣೆಯನ್ನು ಶಿಶುಪಾಲನೆಗೆ ಕೇಳಿದ್ದು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಮಕ್ಕಳಿಗೆ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. ಹಾಜರಿ ಪುಸ್ತಕದಲ್ಲಿ ತಲೆ ಕಡಿಮೆ ತೋರಿಸಿದರೆ ಆ ಕಾಯ್ದೆಯ ಕಥೆ ಮುಗಿಯುತ್ತಿತ್ತು. 2023ರಲ್ಲಿ ಘೋಷಿಸಿದ ‘ಕೂಸಿನ ಮನೆ’ ಶಿಶುಪಾಲನಾ ಯೋಜನೆ ಗ್ರಾಮ ಪಂಚಾಯಿತಿಗಳಿಗೆ. ನಗರಕ್ಕೆ ಕೂಲಿಗೆ ಬಂದ ತಾಯಿಯ ಕೂಸಿಗೆ ಮರಳಿನ ರಾಶಿಯೇ ಗತಿ.

ಹಳೇ ಜಾಗವನ್ನು ಮದುವೆಗೆ ತೆರೆದು ಮಕ್ಕಳಿಗೆ ಮುಚ್ಚುವುದು ನಿಮ್ಮೊಬ್ಬರ ಚಾಳಿಯೂ ಅಲ್ಲ. ಅರಮನೆ ಮೈದಾನವನ್ನೇ ನೋಡಿ. ಸ್ವಾಧೀನ ಕಾಯ್ದೆ ಬಂದದ್ದು 1996ರಲ್ಲಿ, ಜಾಗ 470 ಎಕರೆಗೂ ಮಿಗಿಲು. ವ್ಯಾಜ್ಯ ಕೋರ್ಟಿನಲ್ಲಿ ದಶಕಗಟ್ಟಲೆ ಎಳೆದಾಡಿತು. ಅಷ್ಟೂ ಕಾಲ ಮದುವೆ, ಮೇಳ, ಸಂಗೀತ ಕಾರ್ಯಕ್ರಮಗಳಿಗೆ ಮಾತ್ರ ಅಡ್ಡಿ ಬರಲಿಲ್ಲ. ಈ ಊರಿನ ಹಳೇ ಜಾಗಗಳೆಲ್ಲ ಊಟದೆಲೆ ಹಾಸುವವರಿಗೆ ತೆರೆದಿರುತ್ತವೆ, ಹಸಿದ ಮಕ್ಕಳಿಗೆ ಮುಚ್ಚಿರುತ್ತವೆ. ಅಂಗನವಾಡಿಗಳನ್ನು ಹುಟ್ಟುಹಾಕಿದ ಐಸಿಡಿಎಸ್ ಯೋಜನೆ 1975ರ ಗಾಂಧಿ ಜಯಂತಿಯಂದು ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಟಿ. ನರಸೀಪುರಕ್ಕೆ. ಐವತ್ತು ವರ್ಷ ತುಂಬಿದ ಮೇಲೂ ರಾಜಧಾನಿಯಲ್ಲೊಂದು ಕೇಂದ್ರ ಮನೆ ಮಾಲೀಕರ ದಯೆಯಲ್ಲಿ ನಡೆಯುತ್ತಿದೆ. ನಿಮ್ಮ ಮಾತು ನಂಬಿ ಅವರಿಗೂ ‘ಖಾಲಿ ಮಾಡುತ್ತೇವೆ’ ಎಂದು ಹೇಳಿಬಿಟ್ಟೆವು. ಈಗ ಅವರು ದಿನ ಕೇಳುತ್ತಾರೆ, ನಾವು ತಲೆ ತಗ್ಗಿಸುತ್ತೇವೆ. ಕೀಲಿಕೈ ಕೊಡುತ್ತೇನೆಂದವರು ನೀವು, ತಲೆ ತಗ್ಗಿಸುವವರು ನಾವು!

ಆದ್ದರಿಂದ ಕೇಳುತ್ತಿದ್ದೇವೆ. ಆ ಆವರಣವನ್ನು ಯಾರಿಗೆ, ಎಷ್ಟು ದಿನಕ್ಕೆ, ಎಷ್ಟು ಬಾಡಿಗೆಗೆ ಕೊಟ್ಟಿರಿ ಎಂಬ ಪಟ್ಟಿಯನ್ನು ಗೇಟಿಗೆ ಅಂಟಿಸಿ. ನಗರದಲ್ಲಿ ಬೀಗ ಬಿದ್ದಿರುವ ಪ್ರತಿ ಸರ್ಕಾರಿ ಹಳೇ ಕಟ್ಟಡದಲ್ಲೂ ಮೊದಲ ಹಕ್ಕು ಅಂಗನವಾಡಿಗೆ ಇರಲಿ. ನಮಗೆ ಲಾಯದ ಕೀಲಿಕೈ ಕೊಡಿ. ಅದಾಗದಿದ್ದರೆ, ಮದುವೆಗೆ ಕೊಡುವ ಜಾಗವನ್ನು ಮಕ್ಕಳಿಗೆ ಏಕೆ ಕೊಡುವುದಿಲ್ಲ ಎಂದು ಕಾರಣ ಸಮೇತ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಡಿ. ಮೇಲ್ಮನವಿ ಹಾಕುವುದಕ್ಕೆ ನಮಗೊಂದು ಕಾಗದ ಬೇಕು. ನಿಮ್ಮ ಬಾಯಿಮಾತು ಅಲ್ಲಿ ನಡೆಯುವುದಿಲ್ಲ.

ಇತಿ,
ಬಾಲವಿಕಾಸ ಸಮಿತಿಯ ಸದಸ್ಯೆ,
ಬ್ಯಾಟರಾಯನಪುರ